ವೇರಿಯಬಲ್ ಪಿಚ್ ಪ್ರೊಪೆಲ್ಲರ್‌ಗೆ ರಿಡಕ್ಷನ್: ಗೇರಾ, ಬೆಲ್ಟಾ?

ನಿಮ್ಮ ಮಾಡೆಲ್ ಟಗ್‌ನಲ್ಲಿ 55 ಮಿ.ಮೀ. ವೇರಿಯಬಲ್ ಪಿಚ್ ಪ್ರೊಪೆಲ್ಲರ್ (ಬ್ಲೇಡ್‌ಗಳ ಓರೆಯನ್ನು, ಅಂದರೆ ಪಿಚ್ಚನ್ನು, ತಿರುಗುವಾಗಲೇ ಬದಲಿಸಬಹುದಾದದ್ದು), 1000 ಕೆವಿ (ವೋಲ್ಟ್‌ಗೆ ನಿಮಿಷಕ್ಕೆ 1000 ಸುತ್ತು) ಬ್ರಷ್‌ಲೆಸ್ ಮೋಟಾರ್, 3 ಸೆಲ್ ಲಿಪೊ ಬ್ಯಾಟರಿ (11.1 ವೋಲ್ಟ್) ಇದೆ. 3:1 ರಿಡಕ್ಷನ್‌ಗೆ (ಮೋಟಾರ್ ಮೂರು ಸುತ್ತು ತಿರುಗಿದರೆ ಪ್ರೊಪೆಲ್ಲರ್ ಒಂದು ಸುತ್ತು) ಗೇರ್ ಹಾಕಲಾ, ಬೆಲ್ಟ್ ಹಾಕಲಾ ಎಂದು ಕೇಳಿದ್ದೀರಿ. ಬೆಲ್ಟ್ ಹಾಕಿ.

ರಿಡಕ್ಷನ್ ಅಂತೂ ಬೇಕೇ ಬೇಕು. 11.1 ವೋಲ್ಟ್‌ಗೆ ಆ ಮೋಟಾರ್ ಲೋಡ್ ಇಲ್ಲದೆ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಟಗ್‌ಗೆ ಅಷ್ಟು ವೇಗ ದಂಡ. ಅದಕ್ಕಿಂತ ಮುಖ್ಯ ಹಬ್‌ನ, ಅಂದರೆ ಬ್ಲೇಡ್‌ಗಳು ಕೂರುವ ನಡುಭಾಗದ, ಸಂಗತಿ. ಪ್ರೊಪೆಲ್ಲರ್ ತಿರುಗುವಾಗ ಬ್ಲೇಡ್‌ಗಳು ಹೊರಕ್ಕೆ ಎಳೆಯುತ್ತವೆ, ಅವುಗಳ ಬುಡ ಹಬ್‌ಗೆ ಒತ್ತಿ ಬಿಗಿಯಾಗುತ್ತದೆ. ವೇಗ ಮೂರರಲ್ಲಿ ಒಂದು ಪಾಲಾದರೆ ಈ ಎಳೆತ ಒಂಬತ್ತರಲ್ಲಿ ಒಂದು ಪಾಲಾಗುತ್ತದೆ. ಆಗ ಪಿಚ್ ಬದಲಿಸಲು ಸರ್ವೋ (ರಿಮೋಟ್ ಹೇಳಿದಷ್ಟು ಸರಿಯುವ ಪುಟ್ಟ ಮೋಟಾರ್) ತಿಣುಕಬೇಕಿಲ್ಲ.

ಟೊಳ್ಳು ಶಾಫ್ಟ್‌ನ ಒಳತುದಿಯಿಂದ ಪುಶ್‌ರಾಡ್ (ಸರ್ವೋ ತಳ್ಳಿ ಎಳೆದು ಪಿಚ್ ಬದಲಿಸುವ ಕಡ್ಡಿ) ಹೊರಗೆ ಬರುತ್ತದೆ, ಅಲ್ವಾ? ಆ ತುದಿ ಖಾಲಿ ಇರಲೇಬೇಕು. ಹಾಗಾಗಿ ಮೋಟಾರ್ ಪಕ್ಕಕ್ಕೆ ಕೂರುತ್ತದೆ. ಗೇರ್ ಆದರೆ ಎರಡು ಶಾಫ್ಟ್‌ಗಳ ನಡುವಿನ ಅಂತರ ಕೂದಲೆಳೆಯಷ್ಟೂ ತಪ್ಪಬಾರದು, ಸದ್ದೂ ಜಾಸ್ತಿ, ತಿರುಗುವ ದಿಕ್ಕೂ ಉಲ್ಟಾ ಆಗುತ್ತದೆ. 3ಡಿ ಪ್ರಿಂಟರ್‌ಗೆ ಬಳಸುವ 6 ಮಿ.ಮೀ. ಅಗಲದ ಜಿಟಿ2 ಬೆಲ್ಟ್ (2 ಮಿ.ಮೀ.ಗೊಂದು ಹಲ್ಲಿರುವುದು) ಸಾಕು. 20 ಮತ್ತು 60 ಹಲ್ಲಿನ ಪುಲ್ಲಿ, 200 ಮಿ.ಮೀ. ಸುತ್ತಳತೆಯ ಮುಚ್ಚಿದ ಬೆಲ್ಟ್ ತೆಗೆದುಕೊಂಡರೆ ಶಾಫ್ಟ್‌ಗಳ ನಡುವೆ ಸುಮಾರು 58.5 ಮಿ.ಮೀ. ಬರುತ್ತದೆ. ಮೋಟಾರ್ ಪ್ಲೇಟ್‌ನಲ್ಲಿ ಉದ್ದ ತೂತು ಕೊರೆಯಿರಿ, ಬಿಗಿ ಹೊಂದಿಸಲು.

ಇನ್ನು ಎಲ್ಲಕ್ಕಿಂತ ಜೋಪಾನ ಬೇಕಾದ ಜಾಗ. ದೊಡ್ಡ ಪುಲ್ಲಿಯ ಗ್ರಬ್ ಸ್ಕ್ರೂವನ್ನು (ಪುಲ್ಲಿಯನ್ನು ಶಾಫ್ಟ್‌ಗೆ ಹಿಡಿಸುವ ತಲೆಯಿಲ್ಲದ ಸ್ಕ್ರೂ) ಟೊಳ್ಳು ಶಾಫ್ಟ್ ಮೇಲೆ ನೇರವಾಗಿ ಬಿಗಿಯಬೇಡಿ. ಕೊಳವೆ ಒಳಕ್ಕೆ ತಗ್ಗುತ್ತದೆ, ಆ ತಗ್ಗು ಪುಶ್‌ರಾಡನ್ನು ಹಿಡಿದುಕೊಳ್ಳುತ್ತದೆ. ಮೇಲಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಪಿಚ್ ಮಾತ್ರ ಅಲುಗುವುದಿಲ್ಲ. ಪುಲ್ಲಿಯ ತೂತು 8 ಮಿ.ಮೀ., ನಿಮ್ಮ ಶಾಫ್ಟ್ 5 ಇದ್ದರೆ ನಡುವೆ ಹಿತ್ತಾಳೆ ಬುಶ್ (ಸಂದು ತುಂಬುವ ಕೊಳವೆ) ಬೇಕು. ಲೇತ್ ಇರುವ ಯಾರಾದರೂ ಮಾಡಿಕೊಡುತ್ತಾರೆ. ಬುಶ್ಶನ್ನು ಶಾಫ್ಟ್‌ಗೆ ರಿಟೇನಿಂಗ್ ಕಾಂಪೌಂಡ್ (ಲೋಹದ ಭಾಗಗಳನ್ನು ಹಿಡಿದಿಡುವ ಅಂಟು) ಹಾಕಿ ಕೂರಿಸಿ, ಸ್ಕ್ರೂ ಬುಶ್ ಮೇಲೆ ಬೀಳಲಿ. ಅಂಟು ಹಾಕುವಾಗ ಪುಶ್‌ರಾಡ್ ಹೊರಗೆ ತೆಗೆದಿಡಿ.

ಬೆಲ್ಟ್ ಶಾಫ್ಟನ್ನು ಪಕ್ಕಕ್ಕೆ ಎಳೆಯುವುದರಿಂದ ಪುಲ್ಲಿಗೆ ತಾಗಿದಂತೆ ಒಂದು ಬಾಲ್ ಬೇರಿಂಗ್ ಕೊಡಿ. ದೋಣಿಯನ್ನು ಮುಂದೂಡುವ ಬಲ ಪುಲ್ಲಿಗೆ ಬೀಳದೆ ಥ್ರಸ್ಟ್ ಬೇರಿಂಗ್‌ಗೆ ಹೋಗಬೇಕು. ಹಿಂದಕ್ಕೆ ಹೋಗುವುದು ಪಿಚ್‌ನಿಂದಲೇ ಆಗುವುದರಿಂದ ಒಂದೇ ದಿಕ್ಕಿನ, ಮಾಡೆಲ್ ವಿಮಾನದ ಇಎಸ್‌ಸಿ (ಮೋಟಾರ್‌ನ ವೇಗ ನಿಯಂತ್ರಕ) ಸಾಕು. ಸುಮ್ನೆ ಜಾಸ್ತಿ ದುಡ್ಡು ಹಾಕಬೇಡಿ.

ಮೊದಲು ತೊಟ್ಟಿಯಲ್ಲಿ ದೋಣಿ ಕಟ್ಟಿ, ಪಿಚ್ ಸೊನ್ನೆಯಲ್ಲಿಟ್ಟು ಮೋಟಾರ್ ಓಡಿಸಿ. ಬ್ಯಾಟರಿ ತಂತಿಯಲ್ಲಿ ವಾಟ್‌ಮೀಟರ್ ಇರಲಿ. ಪಿಚ್ ನಿಧಾನಕ್ಕೆ ಏರಿಸುತ್ತಾ ಹೋಗಿ, ಕರೆಂಟ್ ಮೋಟಾರ್‌ನ ಮಿತಿಗೆ ಹತ್ತಿರ ಬಂದ ಕಡೆ ಸರ್ವೋಗೆ ಎಂಡ್ ಪಾಯಿಂಟ್ (ಅಲ್ಲಿಂದ ಮುಂದೆ ಸರಿಯದಂತೆ ಮಿತಿ) ಹಾಕಿ. ಹಿಮ್ಮುಖಕ್ಕೂ ಹೀಗೇ ಬೇರೆಯಾಗಿ ನೋಡಿ ಹಾಕಬೇಕು.