ಸೋನಿ ತನ್ನ ಪ್ಲೇಸ್ಟೇಷನ್ ಗೇಮ್‌ಗಳನ್ನು ಪಿಸಿಗೂ ಯಾಕೆ ತರುತ್ತಿದೆ?

ಪುಣೆಯ ಹಿಂಜವಡಿಯಲ್ಲಿ ಕೆಲಸಕ್ಕಿರುವ ನನ್ನ ತಂಗಿ ಮಗನೂ ಇದನ್ನೇ ಕೇಳಿದ್ದ: "ಮಾಮಾ, ಪಿಎಸ್5 ತಗೊಳ್ಲಾ, ಇಲ್ಲಾ ಪಿಸಿಗೆ ಬರೋ ತನಕ ಕಾಯ್ಲಾ?"

ಮುಖ್ಯ ಕಾರಣ ಖರ್ಚು. ದೊಡ್ಡ ಗೇಮ್ ಒಂದಕ್ಕೆ ನಾಲ್ಕೈದು ವರ್ಷ, ನೂರಾರು ಕೋಟಿ ರೂಪಾಯಿ ಸುರಿಯಬೇಕು. ಕನ್ಸೋಲ್ (ಪ್ಲೇಸ್ಟೇಷನ್‌ನಂಥ ಗೇಮ್ ಆಡುವ ಯಂತ್ರ) ಇದ್ದವರಿಗಷ್ಟೇ ಮಾರಿ ಅಷ್ಟು ದುಡ್ಡು ಹುಟ್ಟಿಸುವುದು ಕಷ್ಟ. ಅದಕ್ಕೇ ಮೊದಲು ಕನ್ಸೋಲ್‌ನಲ್ಲಿ ಮಾರಿ, ಅಲ್ಲಿ ಬೇಡಿಕೆ ತಗ್ಗಿದ ಮೇಲೆ ಪಿಸಿಗೆ ತರುತ್ತಾರೆ. ಹೊರೈಜನ್ ಝೀರೋ ಡಾನ್ 2017ರದ್ದು, ಪಿಸಿಗೆ ಬಂದದ್ದು 2020ರಲ್ಲಿ. 2018ರ ಗಾಡ್ ಆಫ್ ವಾರ್ ಬರಲು 2022ರ ಜನವರಿ ಆಯಿತು. ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ಗೆ ಸಾಮಾನ್ಯವಾಗಿ ನೂರಕ್ಕೆ 30 ಪಾಲು ಕೊಟ್ಟರೂ ಉಳಿದದ್ದು ಹೊಸ ಆದಾಯ. 2021ರಲ್ಲಿ ಸೋನಿ, ಪಿಸಿಗೆ ಹೊಂದಿಸುವುದರಲ್ಲಿ ಪಳಗಿದ ನೆದರ್ಲ್ಯಾಂಡ್ಸ್‌ನ ನಿಕ್ಸೆಸ್ ಸಂಸ್ಥೆಯನ್ನೇ ಕೊಂಡಿತು.

ಆನ್‌ಲೈನ್ ಗೇಮ್‌ಗಳ ಲೆಕ್ಕ ಬೇರೆ, ಅಲ್ಲಿ ಜನ ಸೇರಿದರೇ ಆಟ. 2024ರ ಫೆಬ್ರವರಿಯಲ್ಲಿ ಹೆಲ್‌ಡೈವರ್ಸ್ 2 ಗೇಮ್ ಪಿಎಸ್5, ಪಿಸಿ ಎರಡರಲ್ಲೂ ಒಂದೇ ದಿನ ಬಂತು. ಇನ್ನೊಂದು ಕನ್ಸೋಲ್ ಕಂಪನಿ ನಿಂಟೆಂಡೊ ಮಾತ್ರ ಈ ದಾರಿ ಹಿಡಿದಿಲ್ಲ.

ಅಳಿಯನಿಗೆ ನಾನು ಹೇಳಿದ್ದು: ಗ್ರಾಫಿಕ್ಸ್ ಕಾರ್ಡ್ ಚೆನ್ನಾಗಿದ್ದರೆ ಕಾಯಿ, ಆದರೆ ಪಿಸಿಗೆ ಬಂದ ಮೊದಲ ವಾರವೇ ಕೊಳ್ಳಬೇಡ. 2023ರಲ್ಲಿ ದಿ ಲಾಸ್ಟ್ ಆಫ್ ಅಸ್ ಪಾರ್ಟ್ 1 ಪಿಸಿಗೆ ಬಂದಾಗ ಸರಿಹೋಗಲು ಪ್ಯಾಚ್ (ದೋಷ ತಿದ್ದುವ ಅಪ್‌ಡೇಟ್) ಮೇಲೆ ಪ್ಯಾಚ್ ಬೇಕಾಯಿತು.