ನಮ್ಮ ಸಂಘದ ಪುಟವನ್ನು ಯಾಕೆ ಅಳಿಸುತ್ತಾರೆ?

ವಿಕಿಪೀಡಿಯ ಬಗ್ಗೆ ಏನೇ ಕೇಳುವುದಿದ್ದರೂ ಬರೆದು ಕಳಿಸಿ ಎಂದು ಹಿಂದಿನ ಸಂಚಿಕೆಯಲ್ಲಿ ಕೇಳಿದ್ದೆ. ಬಂದ ಪತ್ರಗಳಲ್ಲಿ ಪುಟ ಅಳಿಸುವ ವಿಷಯದ್ದೇ ಜಾಸ್ತಿ. ನಾನು ಅಲ್ಲಿ ನಿರ್ವಾಹಕಿ ಅಲ್ಲ, ಅಂದರೆ ಪುಟ ಅಳಿಸುವ ಅಧಿಕಾರ ನನಗಿಲ್ಲ. ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ಮುಲುಂಡಿನ ಮನೆಯಲ್ಲೇ ಕೂತು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಪುಟಗಳನ್ನು ತಿದ್ದುವವಳು. ಅಳಿಸುವ ಚರ್ಚೆಗಳಲ್ಲಿ ಸೇರಿಕೊಳ್ಳುವವಳು. ಅಲ್ಲಿ ಕಂಡದ್ದನ್ನು ಹೇಳುತ್ತೇನೆ.

ಪ್ರಶ್ನೆ: ಮೇಡಂ, ನಮ್ಮ ಕನ್ನಡ ಸಂಘಕ್ಕೆ 50 ವರ್ಷ ತುಂಬಿತು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಅದರ ಪುಟ ಮಾಡಿದೆ. ಮಾಡಿದ ಕೂಡಲೇ ಯಾರೋ ‘ಅಳಿಸಬೇಕು’ ಎಂಬ ಫಲಕ ಹಾಕಿದ್ದಾರೆ. ನಮ್ಮ ಸದಸ್ಯರೆಲ್ಲ ಹೋಗಿ ‘ಉಳಿಸಿ’ ಎಂದು ಬರೆದರೆ ಸಾಕಲ್ವಾ?
– ಡೊಂಬಿವಲಿಯ ಓದುಗರು

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಅಲ್ಲಿ ಚರ್ಚೆ ಸಾಮಾನ್ಯವಾಗಿ 7 ದಿನ ನಡೆಯುತ್ತದೆ. ಈ ಸಂಚಿಕೆ ಅಚ್ಚಾಗುವವರೆಗೆ ಅದು ಕಾಯುವುದಿಲ್ಲ. ಹಾಗಾಗಿ ಡೊಂಬಿವಲಿಯವರಿಗೆ ನೇರವಾಗಿ ಉತ್ತರ ಕಳಿಸಿದ್ದೇನೆ. ಇಲ್ಲಿ ಬರೆಯುತ್ತಿರುವುದು ಇದೇ ತೊಂದರೆ ಎದುರಾಗಬಹುದಾದ ಉಳಿದವರಿಗಾಗಿ.

ಅದು ಮತದಾನವಲ್ಲ. ಕೊನೆಯಲ್ಲಿ ಚರ್ಚೆ ಮುಗಿಸುವ ನಿರ್ವಾಹಕರು ತಲೆ ಎಣಿಸುವುದಿಲ್ಲ, ಕೊಟ್ಟ ಕಾರಣಗಳನ್ನು ಓದುತ್ತಾರೆ. ನಿನ್ನೆ ಖಾತೆ ತೆರೆದವರು ಗುಂಪಾಗಿ ಬಂದು ಒಂದೇ ಮಾತು ಬರೆದರೆ ಅದಕ್ಕೆ ತೂಕ ಸಿಗುವುದಿಲ್ಲ. ಒಬ್ಬರೇ ಹತ್ತು ಖಾತೆ ಮಾಡಿದ್ದಾರೋ ಏನೋ ಎಂಬ ಸಂಶಯ ಹುಟ್ಟುತ್ತದೆ. ಒಳ್ಳೆಯ ಸಂಘದ ಹೆಸರು ಸುಮ್ನೆ ಕೆಡುತ್ತದೆ.

ಅವರು ಕೇಳುವುದು ಇಷ್ಟೇ: ಸಂಘಕ್ಕೆ ಸಂಬಂಧ ಇಲ್ಲದವರು, ನಂಬಬಹುದಾದ ಕಡೆ, ಈ ಸಂಘದ ಬಗ್ಗೆಯೇ ಸ್ವಲ್ಪ ವಿವರವಾಗಿ ಬರೆದಿದ್ದಾರಾ? ಸಂಘ ಎಷ್ಟು ನಾಟಕ ಆಡಿಸಿತು, ಎಷ್ಟು ಮಕ್ಕಳ ಫೀಸು ಕಟ್ಟಿತು ಎಂಬುದನ್ನು ಅಳೆಯಲು ಅಲ್ಲಿ ಯಾರೂ ಕೂತಿಲ್ಲ. ಇದು ಎಷ್ಟು ದೂರ ಹೋಗುತ್ತದೆ ನೋಡಿ. ಡೋನಾ ಸ್ಟ್ರಿಕ್‌ಲೆಂಡ್ ಎಂಬ ಕೆನಡಾದ ಭೌತವಿಜ್ಞಾನಿಯ ಬಗ್ಗೆ ಒಬ್ಬರು ಕಳಿಸಿದ ಕರಡು ಪುಟವನ್ನು 2018ರಲ್ಲಿ ಇದೇ ಕಾರಣಕ್ಕೆ ಒಪ್ಪಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಅವರಿಗೆ ನೊಬೆಲ್ ಬಂತು. ಕರಡು ನೋಡಿದವರು ಅವರ ವಿಜ್ಞಾನಕ್ಕೆ ಅಂಕ ಹಾಕಿರಲಿಲ್ಲ. ಕೆಳಗೆ ಕೊಟ್ಟಿದ್ದ ಆಧಾರ ಸಾಲದು ಎಂದಿದ್ದರು, ಅಷ್ಟೆ. ನೊಬೆಲ್ ಪಡೆಯುವವರಿಗೇ ಹೀಗಾದರೆ ನಮ್ಮ ಸಂಘದ ಪುಟ ನಿಲ್ಲುವುದು ಹೇಗೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ.

ಮುಂಬಯಿ ಕನ್ನಡಿಗರಿಗೆ ಪೆಟ್ಟು ಬೀಳುವುದು ಇಲ್ಲೇ. ನಮ್ಮ ಚರಿತ್ರೆಯ ಬಹುಪಾಲು ಸ್ಮರಣ ಸಂಚಿಕೆಗಳಲ್ಲಿದೆ. ಬೆಳ್ಳಿಹಬ್ಬ, ಸುವರ್ಣ ಮಹೋತ್ಸವ, ಹೋಟೆಲಿನವರ ಜಾಹೀರಾತು, ಅವುಗಳ ನಡುವೆ ಹಿರಿಯರೊಬ್ಬರು ಕೂತು ಬರೆದ ಎಂಟು ಪುಟದ ಸಂಘದ ಕಥೆ. ಅದು ಚಿನ್ನದಂಥ ಬರಹ. ಆದರೆ ಅದನ್ನು ಅಚ್ಚು ಹಾಕಿಸಿದ್ದು ಸಂಘವೇ. ಹಾಗಾಗಿ ಸ್ಥಾಪನೆಯಾದ ವರ್ಷ, ಮೊದಲ ಅಧ್ಯಕ್ಷರ ಹೆಸರು, ಕಟ್ಟಡದ ಜಾಗ ಇಂಥದ್ದಕ್ಕೆ ಆಧಾರವಾಗಿ ಕೊಡಬಹುದು. ಪುಟ ಇರಲೇಬೇಕು ಎನ್ನಲು ಅದೊಂದೇ ಸಾಲದು.

ಹಾಗಾದರೆ ಏನನ್ನು ಹುಡುಕಬೇಕು? ಹಳೆಯ ಪತ್ರಿಕೆಗಳಲ್ಲಿ ಸಂಘದ ಬಗ್ಗೆಯೇ ಬಂದ ಲೇಖನ. ‘ಭಾನುವಾರ ಸಂಜೆ ಭಜನೆ’ ಎಂಬ ಎರಡು ಸಾಲಿನ ಸುದ್ದಿ ನಡೆಯುವುದಿಲ್ಲ. ಮುಂಬಯಿ ಕನ್ನಡಿಗರ ಬಗ್ಗೆ ಸಂಶೋಧಕರು ಬರೆದ ಪುಸ್ತಕ, ಪಿಎಚ್‌ಡಿ ಪ್ರಬಂಧ ನಡೆಯುತ್ತದೆ. ಅದಕ್ಕೆ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಇರುವ ಕಲೀನಾಕ್ಕೆ ಒಮ್ಮೆ ಹೋಗಿ ಬನ್ನಿ. ಮರಾಠಿ ಪತ್ರಿಕೆಯ ಲೇಖನವನ್ನೂ ಬಿಡಬೇಡಿ. ಇಂಗ್ಲಿಷ್ ಪುಟಕ್ಕೆ ಇಂಗ್ಲಿಷ್ ಆಧಾರವೇ ಬೇಕು ಎಂದಿಲ್ಲ. ಇಂಟರ್‌ನೆಟ್ಟಿನಲ್ಲೇ ಇರಬೇಕು ಎಂದೂ ಇಲ್ಲ. ಪುಸ್ತಕದ ಹೆಸರು, ಲೇಖಕರು, ಪ್ರಕಾಶಕರು, ವರ್ಷ, ಪುಟ ಸಂಖ್ಯೆ ಸರಿಯಾಗಿ ಕೊಟ್ಟರೆ ಆಯಿತು. ಗೂಗಲ್‌ನಲ್ಲಿ ಸಿಗಲಿಲ್ಲ ಅಂತ ಕೈಬಿಟ್ಟವರನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಕಪಾಟಿನಲ್ಲಿ ಎದ್ದು ಕಾಣುವಂತೆ ಪುಸ್ತಕ ಇರುತ್ತದೆ, ಯಾರೂ ತೆಗೆದಿರುವುದಿಲ್ಲ.

ವಯಸ್ಸೊಂದೇ ಆಧಾರವಾಗುವುದಿಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರಷ್ಟು ಹಳೆಯದು. ಅದಕ್ಕೂ ಇದೇ ನಿಯಮ. ಆದರೆ ಸಂಸ್ಥೆ ಹಳೆಯದಾದಷ್ಟೂ ಹೊರಗಿನವರು ಎಲ್ಲೋ ಒಂದು ಕಡೆ ಬರೆದಿರುವ ಸಾಧ್ಯತೆ ಜಾಸ್ತಿ.

ಇನ್ನೆರಡು ಮಾತು. ಸ್ಮರಣ ಸಂಚಿಕೆಯ ಬರಹವನ್ನು ಇದ್ದ ಹಾಗೇ ನಕಲು ಮಾಡಿ ಹಾಕಬೇಡಿ. ಹಕ್ಕುಸ್ವಾಮ್ಯದ ತಕರಾರು ಬಂದರೆ 7 ದಿನವೂ ಕಾಯದೆ ಅಳಿಸುತ್ತಾರೆ. ಮತ್ತೆ, ನೀವು ಸಂಘದ ಪದಾಧಿಕಾರಿಯಾಗಿದ್ದರೆ ಅದನ್ನು ಆ ಪುಟದ ಜೊತೆಗೇ ಇರುವ ಚರ್ಚೆ ಪುಟದಲ್ಲಿ ಮೊದಲೇ ಹೇಳಿಬಿಡಿ. ಹೇಳಿದವರನ್ನು ಯಾರೂ ಓಡಿಸುವುದಿಲ್ಲ. ಮುಚ್ಚಿಟ್ಟದ್ದು ಆಮೇಲೆ ಗೊತ್ತಾದರೆ ನಿಮ್ಮ ಸರಿಯಾದ ಮಾತನ್ನೂ ನಂಬುವುದಿಲ್ಲ.

ಎಷ್ಟು ಹುಡುಕಿದರೂ ಆಧಾರ ಸಿಗಲಿಲ್ಲವೇ? ಆಗ ‘ಬೇರೆ ದೊಡ್ಡ ಪುಟದಲ್ಲಿ ಸೇರಿಸಿ’ ಎಂದು ನೀವೇ ಕೇಳಿ. ಅಲ್ಲಿ ಒಂದು ಪ್ಯಾರಾ ಉಳಿದರೂ ದೊಡ್ಡದೇ.

ಪ್ರಶ್ನೆ: ಅಕ್ಕಾ, ನಾವು ವಿಜಯಪುರದ ಕಡೆಯವರು. ಬಂದರಿನ ಕೆಲಸಕ್ಕೆ ಬಂದು ವಾಸ್ಕೋದಲ್ಲೇ ನೆಲೆ ನಿಂತವರು. ಇಂಗ್ಲಿಷ್ ವಿಕಿಪೀಡಿಯದ ವಾಸ್ಕೋ ಪುಟದ ಮೊದಲ ಸಾಲಿನಲ್ಲಿ ಊರಿನ ಹೆಸರನ್ನು ಕನ್ನಡ ಲಿಪಿಯಲ್ಲಿ ಸೇರಿಸಿದೆ. ತೆಗೆದುಹಾಕಿದರು. ಇಲ್ಲಿ ಇಷ್ಟು ಕನ್ನಡಿಗರು ಇದ್ದೇವೆ. ಇದು ಕನ್ನಡದ ಮೇಲಿನ ಸಿಟ್ಟು ಅಲ್ಲವೇ?
– ವಾಸ್ಕೋದ ಓದುಗರು

ಉತ್ತರ: ಅಲ್ಲ ತಮ್ಮಾ. ಭಾರತದ ಬಗ್ಗೆ ಇರುವ ಹೆಚ್ಚಿನ ಇಂಗ್ಲಿಷ್ ಪುಟಗಳಲ್ಲಿ, ಶುರುವಿನ ಭಾಗದಲ್ಲೂ ಪಕ್ಕದ ಮಾಹಿತಿ ಚೌಕದಲ್ಲೂ ಭಾರತದ ಯಾವ ಲಿಪಿಯನ್ನೂ ಹಾಕಬಾರದು ಎಂದು ಅಲ್ಲಿನವರೇ ಚರ್ಚಿಸಿ ಒಪ್ಪಿಕೊಂಡಿದ್ದಾರೆ. ದೇವನಾಗರಿಗೂ ತಮಿಳಿಗೂ ಅದೇ ಮಾತು. ಮೊದಲು ಹೀಗಿರಲಿಲ್ಲ. ಒಬ್ಬರು ಒಂದು ಲಿಪಿ ಸೇರಿಸಿದರೆ ಇನ್ನೊಬ್ಬರು ಇನ್ನೊಂದು. ಯಾವುದು ಮೊದಲು ಬರಬೇಕು ಎಂದು ಜಗಳ. ಕಾಗುಣಿತ ತಪ್ಪಿದ್ದರೂ ಆ ಲಿಪಿ ಬಾರದವರಿಗೆ ಗೊತ್ತಾಗುತ್ತಿರಲಿಲ್ಲ. ಒಂದು ಊರಿನ ಪುಟದ ಮೊದಲ ಸಾಲಿನಲ್ಲೇ ಆರು ಲಿಪಿ ಇದ್ದರೆ ಓದುವವರಿಗೆ ಊರು ಎಲ್ಲಿದೆ ಎಂಬುದೇ ಸಿಗುವುದಿಲ್ಲ. ಈ ನಿಯಮ ನನಗೆ ಸರಿ ಎನಿಸುತ್ತದೆ. ಲಿಪಿಯ ಬಗ್ಗೆಯೇ ಇರುವ ಪುಟಗಳಿಗೆ ಇದು ಅನ್ವಯಿಸುವುದಿಲ್ಲ.

ನಿಮ್ಮ ಗೋವಾದಲ್ಲೇ ಇದರ ಇನ್ನೊಂದು ಮುಖ ಇದೆ. 2015ರಲ್ಲಿ ಶುರುವಾದ ಕೊಂಕಣಿ ವಿಕಿಪೀಡಿಯದಲ್ಲಿ ದೇವನಾಗರಿ, ರೋಮನ್, ಕನ್ನಡ ಮೂರೂ ಲಿಪಿಯ ಬರಹಕ್ಕೆ ಜಾಗ ಇದೆ. ಒಂದೇ ಲಿಪಿ ಎಂದು ಹಟ ಹಿಡಿಯದೆ ಮೂರನ್ನೂ ಇಟ್ಟುಕೊಂಡರು. ನೀವು ಮಾಡಬಹುದಾದ ಕೆಲಸವೂ ಇದೆ. ಕನ್ನಡ ವಿಕಿಪೀಡಿಯದ ವಾಸ್ಕೋ ಪುಟವನ್ನು ಬೆಳೆಸಿ. ಬಂದರು, ರೈಲು ನಿಲ್ದಾಣ, ಅಲ್ಲಿ ಬಂದು ನೆಲೆಸಿದ ಕನ್ನಡಿಗರು, ಎಲ್ಲವನ್ನೂ ಆಧಾರ ಸಮೇತ ಬರೆಯಿರಿ. ಭಾಷೆಗಳ ಪಟ್ಟಿಯ ಮೂಲಕ ಇಂಗ್ಲಿಷ್ ಪುಟ ಓದುವವರೂ ಅಲ್ಲಿಗೆ ಬರಬಹುದು.

ಪ್ರಶ್ನೆ: ನಾನು ‘12 ಮಾರ್ಚ್ 1960’ ಎಂದು ಬರೆದರೆ ಇನ್ನೊಬ್ಬರು ‘ಮಾರ್ಚ್ 12, 1960’ ಮಾಡುತ್ತಾರೆ. ನಾನು ಮತ್ತೆ ಬದಲಿಸುತ್ತೇನೆ, ಅವರೂ ಬದಲಿಸುತ್ತಾರೆ. ಯಾರು ಸರಿ?
– ಪುಣೆಯ ಓದುಗರು

ಉತ್ತರ: ಇಬ್ಬರದೂ ನಡೆಯುತ್ತದೆ, ಅದಕ್ಕೇ ನಿಲ್ಲಿಸಿ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಎರಡು ರೂಪಕ್ಕೂ ಒಪ್ಪಿಗೆ ಇದ್ದಾಗ, ಪುಟವನ್ನು ಮೊದಲು ಬೆಳೆಸಿದವರು ಬಳಸಿದ ರೂಪವನ್ನು ಸುಮ್ಮನೆ ಬದಲಿಸಬಾರದು ಎಂಬ ರೂಢಿ ಇದೆ. ಕನ್ನಡದಲ್ಲೂ ಹಾಗೇ ಮಾಡಿ. ಅಂಕಿಗಳ ಮಾತೂ ಅಷ್ಟೇ: 12 ಇರಲಿ, ೧೨ ಇರಲಿ, ಒಂದು ಪುಟದೊಳಗೆ ಒಂದೇ ಇರಲಿ. ಒಂದೇ ಪುಟದಲ್ಲಿ 24 ಗಂಟೆಯೊಳಗೆ ಮೂರಕ್ಕಿಂತ ಜಾಸ್ತಿ ಸಲ ಬೇರೆಯವರ ಬದಲಾವಣೆ ರದ್ದು ಮಾಡಿದರೆ ಇಂಗ್ಲಿಷಿನಲ್ಲಿ ನಿಮ್ಮ ಖಾತೆಯನ್ನೇ ತಡೆಯಬಹುದು, ನೀವು ಹೇಳಿದ್ದು ಸರಿಯಿದ್ದರೂ. ಅಲ್ಲಿ ಮೊಸರಿನ ಪುಟದ ಹೆಸರು yoghurt ಎಂದಿರಬೇಕೋ yogurt ಎಂದಿರಬೇಕೋ, ಅಂದರೆ ‘ಎಚ್’ ಅಕ್ಷರ ಬೇಕೋ ಬೇಡವೋ ಎಂಬ ವಾದ ವರ್ಷಗಟ್ಟಲೆ ಎಳೆದು 2011ರಲ್ಲಿ ಮುಗಿಯಿತು. ಎಚ್ ಹೋಯಿತು. ಆ ಸಮಯದಲ್ಲಿ ಎಷ್ಟು ಪುಟ ಬರೆಯಬಹುದಿತ್ತು! ನಿಮ್ಮ ಎದುರಿನವರ ಚರ್ಚೆ ಪುಟದಲ್ಲಿ ಎರಡು ಸಾಲು ಸಮಾಧಾನವಾಗಿ ಬರೆಯಿರಿ. ಬಗೆಹರಿಯದಿದ್ದರೆ ಕನ್ನಡ ವಿಕಿಪೀಡಿಯದ ‘ಅರಳಿ ಕಟ್ಟೆ’ಗೆ ತನ್ನಿ. ಎಲ್ಲರೂ ಕೂಡಿ ಮಾತಾಡಲೆಂದೇ ಇರುವ ಪುಟ ಅದು.

ಪ್ರಶ್ನೆ: ಅಳಿಸಿದ ಪುಟ ಮತ್ತೆ ಸಿಗುತ್ತದೆಯೇ?
– ಠಾಣೆಯ ಓದುಗರು

ಉತ್ತರ: ಹೆಚ್ಚಾಗಿ ಸಿಗುತ್ತದೆ. ಅಳಿಸಿದ ಬರಹ ನಿರ್ವಾಹಕರಿಗೆ ಕಾಣುತ್ತಲೇ ಇರುತ್ತದೆ. ಅಳಿಸಿದವರನ್ನೇ ವಿನಯದಿಂದ ಕೇಳಿ, ನಿಮ್ಮ ಬಳಕೆದಾರ ಪುಟದ ಕೆಳಗೆ ಕರಡಾಗಿ ಹಾಕಿಸಿಕೊಳ್ಳಿ. ಹೊಸ ಆಧಾರ ಸೇರಿಸಿದ ಮೇಲೆ ಮತ್ತೆ ಪ್ರಕಟಿಸಿ. ಬೇರೆಯವರ ಬರಹ ನಕಲು ಮಾಡಿದ್ದರೆ ಮಾತ್ರ ಕೊಡುವುದಿಲ್ಲ.

ಪ್ರಶ್ನೆ: ನನಗೆ ಕಂಪ್ಯೂಟರ್ ಬಾರದು. ಆದರೆ ಮನೆಯಲ್ಲಿ ಮುಂಬಯಿಯ ಹಲವು ಕನ್ನಡ ಸಂಘಗಳ ಹಳೆಯ ಸ್ಮರಣ ಸಂಚಿಕೆಗಳಿವೆ. ಜಾಗ ಇಲ್ಲ, ರದ್ದಿಗೆ ಹಾಕಿ ಅಂತಾನೆ ಮಗ. ಇವು ನಿಮಗೆ ಉಪಯೋಗಕ್ಕೆ ಬಂದಾವೇ?
– ಮಾಟುಂಗಾದ ಹಿರಿಯ ಓದುಗರು

ಉತ್ತರ: ರಾಯರೇ, ಒಂದು ಹಾಳೆಯನ್ನೂ ರದ್ದಿಗೆ ಕೊಡಬೇಡಿ. ಡೊಂಬಿವಲಿಯವರಿಗೆ ಹೇಳಿದ ಪಿಎಚ್‌ಡಿ ಬರೆಯುವವರು, ಪತ್ರಿಕೆಗೆ ಲೇಖನ ಬರೆಯುವವರು ಮೊದಲು ಹುಡುಕುವುದು ಇವುಗಳನ್ನೇ. ಇವು ಉಳಿದರೆ ಅವರು ಬರೆಯುತ್ತಾರೆ, ಅವರು ಬರೆದರೆ ಪುಟ ನಿಲ್ಲುತ್ತದೆ. ಓದುವವರಿಗೆ ಯಾರಿಗಾದರೂ ಕೊಡುವ ಮೊದಲು ಸ್ಕ್ಯಾನ್ ಮಾಡಿಸಿ. ಅದನ್ನು ಎಲ್ಲರಿಗೂ ಸಿಗುವಂತೆ ಹಾಕಬೇಕಾದರೆ ಹಕ್ಕುಸ್ವಾಮ್ಯ ನೋಡಬೇಕು. ನಮ್ಮ ದೇಶದಲ್ಲಿ ಲೇಖಕರು ತೀರಿಹೋದ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಅಷ್ಟು ಹಳೆಯದಲ್ಲದಿದ್ದರೆ ಹಕ್ಕು ಯಾರ ಬಳಿ ಇದೆಯೋ ಅವರಿಂದ, ಸಂಘವೋ ಲೇಖಕರ ಮನೆಯವರೋ, ಮುಕ್ತ ಪರವಾನಗಿಯ, ಅಂದರೆ ಯಾರು ಬೇಕಾದರೂ ಬಳಸಬಹುದು ಎನ್ನುವ ಒಪ್ಪಿಗೆ ಬರೆಸಿಕೊಳ್ಳಬೇಕು. ಮೈಸೂರು ವಿಶ್ವವಿದ್ಯಾಲಯ ತನ್ನ ಕನ್ನಡ ವಿಶ್ವಕೋಶವನ್ನು ಹೀಗೆ ಮುಕ್ತ ಪರವಾನಗಿಗೆ ತಂದಿದೆ. ಹಕ್ಕು ತಮ್ಮದೇ ಆಗಿದ್ದರೆ ನಮ್ಮ ಸಂಘಗಳಿಗೆ ಇದು ಕಷ್ಟವಲ್ಲ, ಒಂದು ಕಾರ್ಯಕಾರಿ ಸಮಿತಿ ಸಭೆಯ ಠರಾವು ಸಾಕು.

ಸಂಚಿಕೆಗಳಲ್ಲಿ ಗುಂಪಿನ ಫೋಟೋಗಳಿದ್ದರೆ, ಅದರಲ್ಲಿರುವವರು ಯಾರು ಯಾರೆಂದು ನಿಮಗೆ ನೆನಪಿರುವಷ್ಟನ್ನೂ ಬೇರೆ ಹಾಳೆಯಲ್ಲಿ ಈಗಲೇ ಬರೆದಿಡಿ. ಎಡದಿಂದ ಬಲಕ್ಕೆ, ಸಾಲು ಸಾಲಾಗಿ. ಸಂಪಾದಕರ ವಿಳಾಸಕ್ಕೆ ನಿಮ್ಮ ಒಪ್ಪಿಗೆ ತಿಳಿಸಿದರೆ ನಾನೇ ಮಾಟುಂಗಾಕ್ಕೆ ಬಂದು ನೋಡುತ್ತೇನೆ.