ರಾಗಿ ಸಾಗಣೆ: ಚೀಲದ ಲೆಕ್ಕವೋ, ಗಾಡಿ ಲೆಕ್ಕವೋ?

ಪ್ರಶ್ನೆ: ಕೊರಟಗೆರೆ ಕಡೆಯಿಂದ ತುಮಕೂರಿನ ಖರೀದಿ ಕೇಂದ್ರಕ್ಕೆ 40 ಕ್ವಿಂಟಲ್ ರಾಗಿ ಸಾಗಿಸಬೇಕು. ಒಬ್ಬರು 50 ಕೆಜಿ ಚೀಲಕ್ಕೆ 40 ರೂಪಾಯಿ ಕೇಳುತ್ತಾರೆ, ಇನ್ನೊಬ್ಬರು ಇಡೀ ಗಾಡಿಗೆ 2,500. ಯಾವುದು ಗಿಟ್ಟುತ್ತದೆ?

ಉತ್ತರ: ನಿಮ್ಮದು 80 ಚೀಲ, ಚೀಲದ ಲೆಕ್ಕದಲ್ಲಿ 3,200 ರೂಪಾಯಿ. ಈ ದರದಲ್ಲಿ 62 ಚೀಲ ದಾಟಿದರೆ ಇಡೀ ಗಾಡಿಯೇ ಅಗ್ಗ. ಆದರೆ ಆ ಗಾಡಿ 4 ಟನ್ ಹೊರುತ್ತದೆಯೇ? ಆರ್‌ಸಿಯಲ್ಲಿರುವ (ಗಾಡಿಯ ನೋಂದಣಿ ಪತ್ರ) ಒಟ್ಟು ತೂಕದಲ್ಲಿ ಖಾಲಿ ತೂಕ ಕಳೆದು ನೋಡಿ. ಪಿಕಪ್ ಆದರೆ ಎರಡು ಮೂರು ಟ್ರಿಪ್ ಬೇಕು, ಲಾಭವೆಲ್ಲ ಅಲ್ಲೇ ಹೋಯಿತು.

ಜಗಳ ಹುಟ್ಟುವುದು ಕಾಯುವ ಹೊತ್ತಿಗೆ. ಕೇಂದ್ರದಲ್ಲಿ ಸಾಲು ಉದ್ದವಿದ್ದರೆ ಗಾಡಿ ರಾತ್ರಿಯೂ ನಿಲ್ಲಬೇಕಾದೀತು. ಎಷ್ಟು ಗಂಟೆ ಬಿಟ್ಟಿ, ಆಮೇಲೆ ಗಂಟೆಗೆಷ್ಟು, ಹಮಾಲಿ ಯಾರದು, ವೇಬ್ರಿಡ್ಜ್ ದುಡ್ಡು ಯಾರದು ಎಂದು ಹೇರುವ ಮೊದಲೇ ಮಾತಾಡಿಕೊಳ್ಳಿ. ತೇವಾಂಶ ಶೇ 12 ದಾಟಿ ರಾಗಿ ತಿರಸ್ಕಾರವಾದರೆ ವಾಪಸ್ ಬಾಡಿಗೆಯೂ ನಿಮ್ಮ ತಲೆಗೇ. ಚೆನ್ನಾಗಿ ಒಣಗಿಸಿ, ಅಳೆಸಿಯೇ ಹೊರಡಿ.

ರಾಗಿ ಸಣ್ಣ ಕಾಳು, ಚೀಲದ ಹೊಲಿಗೆ ಬಿಟ್ಟರೆ ಹಿಂಬಾಗಿಲ ಸಂದಿಯಲ್ಲೇ ಸೋರುತ್ತದೆ. ಟಾರ್ಪಾಲು ಮೇಲೆ ಹೊದಿಸುವವರೇ ಎಲ್ಲ. ಕೆಳಗೂ ಒಂದು ಹಾಸಿ, ಅಂಚನ್ನು ಹಿಂಬಾಗಿಲ ಎತ್ತರಕ್ಕೆ ಮಡಚಿ ನಿಲ್ಲಿಸಿ.